ಬೆಳೆದ ಮನೆ, ಕಟ್ಟುವ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಕಿಟೆಕ್ಚರ್ ಓದುತ್ತಿರುವವರು, ಸ್ವಂತ ಮನೆ ಕಟ್ಟಿಸಲು ಹೊರಟವರು ಬಾಲ್ಯದ ಮನೆಯ ಬಗ್ಗೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಅಳತೆಯ ಉದಾಹರಣೆಗಳು ಹೆಚ್ಚಾಗಿ ತೊಟ್ಟಿ ಮನೆಯವು, ಅಂದರೆ ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ಮನೆಯವು. ಹಳೇ ಮೈಸೂರು ಮತ್ತು ಮಲೆನಾಡಿನ ಕಡೆಯವರು ಹೊಸ ಮನೆಗೆ ಮೊದಲು ಕೇಳುವುದು ಅದನ್ನೇ, ಕಟ್ಟಿದ ಮೇಲೆ ಬೇಸರಪಡುವುದೂ ಅದರ ಬಗ್ಗೆಯೇ.

ಬಾಲ್ಯದ ಮನೆ ಆರ್ಕಿಟೆಕ್ಟ್‌ಗಳ ವಿನ್ಯಾಸದ ಮೇಲೆ ನಿಜವಾಗಿಯೂ ಪ್ರಭಾವ ಬೀರುತ್ತದೆಯೇ?

ಬೀರುತ್ತದೆ, ಬಹಳಷ್ಟು ಸಲ ಅವರಿಗೇ ಗೊತ್ತಾಗದಂತೆ. ಮೆಟ್ಟಿಲು ಎಷ್ಟೆತ್ತರವಿದ್ದರೆ ಕಾಲಿಗೆ ಹಿತ, ಬಂದವರನ್ನು ಎಲ್ಲಿ ಕೂರಿಸಬೇಕು, ಮಧ್ಯಾಹ್ನ ಎಷ್ಟು ಮಬ್ಬಾಗಿದ್ದರೆ ಕಣ್ಣು ಮುಚ್ಚುತ್ತದೆ ಎನ್ನುವುದನ್ನೆಲ್ಲ ಕಾಲೇಜಿಗೆ ಸೇರುವ ಹೊತ್ತಿಗೇ ಮೈ ಕಲಿತುಬಿಟ್ಟಿರುತ್ತದೆ. ನಕ್ಷೆಯಲ್ಲಿ ಬಾಗಿಲನ್ನು ಎಲ್ಲಿಡಬೇಕೆಂದು ಕೈ ಯೋಚಿಸದೆ ನಿರ್ಧರಿಸಿದಾಗ, ಆ ನಿರ್ಧಾರ ಬಂದಿರುವುದು ಸಾಮಾನ್ಯವಾಗಿ ಅಲ್ಲಿಂದಲೇ. ಸ್ವಿಟ್ಜರ್ಲೆಂಡಿನ ಪೀಟರ್ ಜುಮ್ತೋರ್ ತಮ್ಮ ವಾಸ್ತುಶಿಲ್ಪದ ಅರಿವಿನ ಬುಡಕ್ಕೆ ಹೋಗಿ ಹೇಳಿದ್ದು ಒಂದು ಬಾಗಿಲ ಹಿಡಿಯ ಬಗ್ಗೆ: ಬಾಲ್ಯದಲ್ಲಿ ನೆಂಟರ ಮನೆಯ ತೋಟಕ್ಕೆ ಹೋಗುವಾಗ ಹಿಡಿಯುತ್ತಿದ್ದ, ಚಮಚದ ಬೆನ್ನಿನಂಥ ಒಂದು ಲೋಹದ ಹಿಡಿ. ಕಟ್ಟಡದ ಎದುರುನೋಟವನ್ನಲ್ಲ, ಅಂಗೈಗೆ ಸಿಕ್ಕಿದ್ದನ್ನು ಅವರು ನೆನೆದರು.

ಯಾರ ಕೆಲಸದಲ್ಲಿ ಇದು ಎದ್ದು ಕಾಣುತ್ತದೆ?

ಬಾಲಕೃಷ್ಣ ದೋಶಿಯವರು 1927ರಲ್ಲಿ ಪುಣೆಯಲ್ಲಿ ಹುಟ್ಟಿದರು. ಅಜ್ಜನದು ಪೀಠೋಪಕರಣದ ಕಸುಬು. ತುಂಬು ಕುಟುಂಬದ ಆ ಮನೆ ಜನ ಹೆಚ್ಚಿದಂತೆ ಬೆಳೆಯುತ್ತ ಹೋಗಿತ್ತು. ಮನೆಯೆಂದರೆ ಒಂದೇ ಸಲಕ್ಕೆ ಮುಗಿಯುವ ವಸ್ತುವಲ್ಲ ಎಂಬ ಈ ತಿಳಿವಳಿಕೆ 1980ರ ದಶಕದಲ್ಲಿ ಇಂದೋರಿನ ‘ಅರಣ್ಯ’ ಎಂಬ ಬಡಾವಣೆಯ ಯೋಜನೆಯಾಯಿತು. ಬಡ ಕುಟುಂಬಕ್ಕೆ ಅಲ್ಲಿ ಸಿಕ್ಕಿದ್ದು ನಿವೇಶನ, ಅಡಿಪಾಯ, ಶೌಚಾಲಯ ಮತ್ತು ನೀರಿನ ವ್ಯವಸ್ಥೆ. ಉಳಿದ ಕೋಣೆಗಳನ್ನು ಕೈಗೆ ಹಣ ಬಂದಂತೆ ಅವರವರೇ ಕಟ್ಟಿಕೊಂಡರು. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಇವರೇ.

ಹಾಗೆಂದು ಎಲ್ಲವನ್ನೂ ಬಾಲ್ಯದ ತಲೆಗೆ ಕಟ್ಟಬಾರದು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕೂಡ ದೋಶಿಯವರದೇ. ಅಲ್ಲಿನ ಉದ್ದುದ್ದ ಕಲ್ಲಿನ ಪಡಸಾಲೆಗಳ ಬೇರು ಪುಣೆಯ ಮನೆಯಲ್ಲಿಲ್ಲ, ದೊಡ್ಡವರಾದ ಮೇಲೆ ಸುತ್ತಿ ನೋಡಿದ ಫತೇಪುರ್ ಸಿಕ್ರಿಯ ಅಂಗಳಗಳಲ್ಲಿದೆ.

ಜಪಾನಿನ ತಾಡಾವೊ ಆಂಡೋ ಒಸಾಕಾದಲ್ಲಿ ಅಜ್ಜಿಯ ಜೊತೆ ಬೆಳೆದದ್ದು ಒತ್ತೊತ್ತಾಗಿ ನಿಂತ ಸಾಲುಮನೆಯಲ್ಲಿ. ಕಿರಿದು, ಉದ್ದ, ಒಳಗೆ ಕತ್ತಲು. ಹದಿವಯಸ್ಸಿನಲ್ಲಿ ಆ ಮನೆಯ ದುರಸ್ತಿಗೆ ಬಡಗಿಗಳು ಮಾಡು ಬಿಚ್ಚಿದಾಗ ಬೆಳಕು ಒಳಗೆ ಸುರಿದದ್ದನ್ನು ಕಂಡರು. 1976ರಲ್ಲಿ ಅದೇ ಊರಿನ ಸುಮಿಯೋಶಿಯಲ್ಲಿ ಅವರು ಕಟ್ಟಿದ ಮನೆಯೂ ಅಷ್ಟೇ ಕಿರಿದು: ಸುಮಾರು ಮೂರೂವರೆ ಮೀಟರ್ ಅಗಲ, 14 ಮೀಟರ್ ಉದ್ದ. ಉದ್ದವನ್ನು ಮೂರು ಪಾಲು ಮಾಡಿ ನಡುವಿನ ಪಾಲನ್ನು ಆಕಾಶಕ್ಕೆ ತೆರೆದಿಟ್ಟರು. ಮಳೆ ಬರುವಾಗ ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಲು ಕೊಡೆ ಬೇಕು. ತೊಟ್ಟಿ ಮನೆಯಲ್ಲಿ ಬೆಳೆದವರಿಗೆ ಇದು ವಿಚಿತ್ರವೆನಿಸುವುದಿಲ್ಲ.

ಆಸ್ಟ್ರೇಲಿಯಾದ ಗ್ಲೆನ್ ಮರ್ಕಟ್ ಅವರ ಮೊದಲ ವರ್ಷಗಳು ಕಳೆದದ್ದು ನ್ಯೂಗಿನಿಯ ಕಾಡಿನಲ್ಲಿ, ಕಂಬಗಳ ಮೇಲೆ ಎತ್ತಿ ಕಟ್ಟಿ ತಗಡು ಹೊದಿಸಿದ ಮನೆಯಲ್ಲಿ. ಅವರ ಪ್ರಸಿದ್ಧ ಮನೆಗಳು ನೆಲದಿಂದ ಮೇಲೆದ್ದು ನಿಂತಿರುವುದನ್ನು, ಸುಕ್ಕುತಗಡಿನ ಮೇಲೆ ಅವರಿಗಿರುವ ಪ್ರೀತಿಯನ್ನು ನೋಡಿದರೆ ಬೇರೆ ವಿವರಣೆ ಬೇಕಿಲ್ಲ.

ಬಾಲ್ಯದ ಮನೆಯ ನೆನಪು ಕಹಿಯಾಗಿದ್ದರೆ?

ಕಹಿ ನೆನಪೂ ಕೆಲಸಕ್ಕೆ ಬರುತ್ತದೆ, ಕೆಲವೊಮ್ಮೆ ಸಿಹಿಗಿಂತ ಹೆಚ್ಚು. ಬುರ್ಕಿನಾ ಫಾಸೋದ ಫ್ರಾನ್ಸಿಸ್ ಕೆರೆ ಏಳನೇ ವಯಸ್ಸಿಗೆ ಓದಲೆಂದು ಊರು ಬಿಟ್ಟವರು. ಕೂತದ್ದು ನೂರಕ್ಕೂ ಹೆಚ್ಚು ಮಕ್ಕಳಿದ್ದ, ಗಾಳಿ ಬೆಳಕಿಲ್ಲದೆ ಕಾದು ಕುದಿಯುವ ತರಗತಿಯಲ್ಲಿ. 2001ರಲ್ಲಿ ತಮ್ಮ ಹಳ್ಳಿ ಗಾಂಡೋದಲ್ಲಿ ಕಟ್ಟಿದ ಶಾಲೆಗೆ ತಗಡಿನ ಮಾಡನ್ನು ಒಳಚಾವಣಿಯಿಂದ ಮೇಲೆತ್ತಿ ನಿಲ್ಲಿಸಿದರು, ಬಿಸಿಗಾಳಿ ಆ ಸಂದಿನಿಂದ ಹೊರಟುಹೋಗುತ್ತದೆ.

ನಮ್ಮ ಹಳೆಯ ಮನೆಗಳ ಬಗ್ಗೆಯೂ ಇದೇ ಪ್ರಾಮಾಣಿಕತೆ ಬೇಕು. ತೊಟ್ಟಿಯ ಬೆಳಕನ್ನು ಎಲ್ಲರೂ ಹೊಗಳುತ್ತಾರೆ. ಹಿಂದಿನ ಅಡುಗೆಮನೆಯ ಹೊಗೆ, ಅಲ್ಲಿ ದಿನವಿಡೀ ಕೆಮ್ಮಿದ ಹೆಂಗಸರು, ತಿಂಗಳ ಮೂರು ದಿನ ಕೂರಬೇಕಿದ್ದ ಮೂಲೆ, ಜಾತಿಯ ಕಾರಣಕ್ಕೆ ಜಗಲಿಯಾಚೆಗೇ ನಿಲ್ಲಬೇಕಿದ್ದವರು, ಇವೂ ಆ ನಕ್ಷೆಯ ಭಾಗಗಳೇ. ಮನೆಯ ಗಂಡಸರನ್ನು ಮಾತ್ರ ಕೇಳಿ ನಕ್ಷೆ ಬರೆದರೆ ಅರ್ಧ ಮನೆಯಷ್ಟೇ ಸಿಗುತ್ತದೆ. ಅಮ್ಮ, ಅತ್ತೆ, ಅಜ್ಜಿಯನ್ನು ಬೇರೆಯಾಗಿ ಕೂರಿಸಿ ಕೇಳಿ.

ನೆನಪನ್ನು ಎಷ್ಟು ನಂಬಬಹುದು?

ಹಿತವಾಗಿತ್ತೋ ಇಲ್ಲವೋ ಎಂಬುದನ್ನು ನಂಬಬಹುದು, ಅಳತೆಯನ್ನು ನಂಬಬಾರದು. ಆರು ವರ್ಷದ ಮಗುವಿನ ಎತ್ತರ ಸುಮಾರು 115 ಸೆಂ.ಮೀ., ಕಣ್ಣಿನ ಮಟ್ಟ ಸುಮಾರು 105. ಐದೂವರೆ ಅಡಿಯ ದೊಡ್ಡವರ ಕಣ್ಣಿನ ಮಟ್ಟ ಸುಮಾರು 155. ಅಂದರೆ ನೆನಪಿನಲ್ಲಿ ಎಲ್ಲವೂ ಒಂದೂವರೆ ಪಟ್ಟಿಗೆ ಹತ್ತಿರ ಹಿಗ್ಗಿರುತ್ತದೆ. 10 ಅಡಿಯ ನಡುಮನೆ 15 ಅಡಿಯಂತೆ ನೆನಪಿರುತ್ತದೆ, ಎರಡಡಿಯ ಜಗಲಿ ಹತ್ತಿ ಇಳಿಯುವ ಗುಡ್ಡವಾಗಿರುತ್ತದೆ. ಈ ನೆನಪನ್ನೇ ಹಿಡಿದು 15 ಅಡಿಯ ಹಾಲ್, ಎರಡು ಅಂತಸ್ತಿನೆತ್ತರದ ಚಾವಣಿ ಕಟ್ಟಿಸಿದವರಿಗೆ ಗೃಹಪ್ರವೇಶದ ಮರುವಾರವೇ ಏನೋ ತಪ್ಪಿದೆ ಅನ್ನಿಸುವುದು ಇದಕ್ಕೇ. ಹಳೆಯ ಮನೆ ಹಿತವಾಗಿದ್ದದ್ದು ತಗ್ಗಾಗಿದ್ದರಿಂದ. ಸೂರು ಏಳೂವರೆ ಅಡಿಗೆ ಇಳಿದಿರುತ್ತಿತ್ತು, ಬಾಗಿಲು ಐದೂವರೆ ಆರಡಿ, ಒಳಗೆ ಬರಲು ತಲೆ ಬಾಗಬೇಕಿತ್ತು.

ಹಳೆಯ ಮನೆಯನ್ನು ಅಳೆದು ದಾಖಲಿಸುವುದು ಹೇಗೆ?

ಊರಿಗೆ ಹೋಗುವ ಮೊದಲು ನೆನಪಿನಿಂದಲೇ ನಕ್ಷೆ ಬರೆಯಿರಿ. ಅಣ್ಣ ತಂಗಿಯರಿದ್ದರೆ ಒಬ್ಬರದನ್ನೊಬ್ಬರು ನೋಡದೆ ಬೇರೆ ಬೇರೆ ಬರೆಯಲಿ. ಈ ಹೆಜ್ಜೆ ಬಿಟ್ಟು ನೇರವಾಗಿ ಅಳೆಯಲು ಹೋದರೆ ನಿಜವಾದ ಮನೆ ನೆನಪಿನ ಮನೆಯನ್ನು ಅಳಿಸಿಹಾಕುತ್ತದೆ, ಆಮೇಲೆ ಎರಡನ್ನು ಹೋಲಿಸಲಾಗುವುದಿಲ್ಲ. ಹೋಲಿಸಿದಾಗ ದೊಡ್ಡದಾಗಿ ಬರೆದ ಜಾಗಗಳೇ ನಿಮಗೆ ಮುಖ್ಯವಾದವು. ಪೂರ್ತಿ ಮರೆತುಬಿಟ್ಟ ಕೋಣೆಯನ್ನು ಹೊಸ ಮನೆಗೆ ತರಬೇಕಾಗಿಲ್ಲ.

ಆಮೇಲೆ ಟೇಪು. 30 ಮೀಟರಿನದೊಂದು, 5 ಮೀಟರಿನದೊಂದು, ಒಂದು ತೂಗುಗುಂಡು, ಗ್ರಾಫ್ ಹಾಳೆ, ಟಾರ್ಚು, ಜೊತೆಗೊಬ್ಬರು. ಉದ್ದನೆಯ ಗೋಡೆಯನ್ನು ತುಂಡುತುಂಡಾಗಿ ಅಳೆದು ಕೂಡಿಸಬೇಡಿ, ಪ್ರತಿ ತುಂಡಿಗೂ ಕಾಲು ಇಂಚು ತಪ್ಪಿದರೆ ಕೊನೆಗೆ ಮೂರು ನಾಲ್ಕಿಂಚು ವ್ಯತ್ಯಾಸ ಬರುತ್ತದೆ. ಟೇಪಿನ ಸೊನ್ನೆಯನ್ನು ಒಂದು ಮೂಲೆಗೆ ಹಿಡಿದು ಬಾಗಿಲು, ಕಿಟಕಿ, ಕಂಬ ಎದುರಾದಂತೆ ಓದುತ್ತ ಸಾಗಿ. ಪ್ರತಿ ಕೋಣೆಗೂ ಎರಡು ಕರ್ಣ ಅಳೆಯಲೇಬೇಕು, ಹಳೆಯ ಮಣ್ಣಿನ ಗೋಡೆಗಳು ಮೂಲೆಮಟ್ಟಕ್ಕೆ ನಿಂತಿರುವುದು ಅಪರೂಪ. ಗೋಡೆಯ ದಪ್ಪವನ್ನು ಬಾಗಿಲ ಸಂದಿನಲ್ಲಿ ನೋಡಿ, ಒಂದೂವರೆಯಿಂದ ಎರಡಡಿ ಇರಬಹುದು. 1:50ರ ಪ್ರಮಾಣದಲ್ಲಿ ಬರೆದರೆ 40×60 ಅಡಿಯ ಮನೆ ಒಂದು ಎ3 ಹಾಳೆಯಲ್ಲಿ ಕೂರುತ್ತದೆ.

ನಕ್ಷೆಗಿಂತ ಹೆಚ್ಚು ಹೇಳುವುದು ಸವೆತ. ತೊಟ್ಟಿಯ ಕಂಬದ ಬಳಿ ಕುಕ್ಕರಗಾಲಲ್ಲಿ ಕೂತು ನೋಡಿ: ನೆಲದಿಂದ ಎರಡೂವರೆ ಮೂರಡಿ ಎತ್ತರದಲ್ಲಿ ಮರ ಕಪ್ಪಾಗಿ ನುಣುಪಾಗಿರುತ್ತದೆ, ಮಕ್ಕಳು ಹಿಡಿದು ಗಿರಗಿರ ಸುತ್ತಿದ ಜಾಗ ಅದು. ಪಡಸಾಲೆಯ ಗೋಡೆಯಲ್ಲಿ ಅಷ್ಟೇ ಎತ್ತರಕ್ಕೆ ಎಣ್ಣೆತಲೆ ಒರಗಿಸಿದ ಕಲೆ ಸಿಗುತ್ತದೆ. ಸುಣ್ಣ ಎಷ್ಟು ಸಲ ಹೊಡೆದರೂ ಅದು ಮತ್ತೆ ಮೂಡುತ್ತದೆ. ಮನೆಯ ಹಿರಿಯರು ಎಲ್ಲಿ, ಯಾವ ಕಡೆ ಮುಖಮಾಡಿ ಕೂರುತ್ತಿದ್ದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಹೊಸ್ತಿಲಿನ ನಡುಭಾಗ ಎಷ್ಟು ಸವೆದಿದೆ ಎಂಬುದನ್ನೂ ಬರೆದುಕೊಳ್ಳಿ, ಹೆಚ್ಚು ಸವೆದ ಹೊಸ್ತಿಲೇ ಆ ಮನೆಯ ನಿಜವಾದ ಹೆಬ್ಬಾಗಿಲು. ಎಷ್ಟೋ ಮನೆಗಳಲ್ಲಿ ಅದು ಹಿತ್ತಲಿನದು.

ಬೆಳಕನ್ನು ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಒಂದೇ ಜಾಗದಿಂದ ಫೋಟೋ ತೆಗೆದಿಡಿ. ಆಗ ಫೋನಿನ ಫ್ಲ್ಯಾಶ್ ಆರಿಸಿರಿ.

ಮನೆ ಕೆಡವಿಬಿಟ್ಟಿದ್ದಾರೆ. ಏನು ಮಾಡಬಹುದು?

ಮದುವೆ, ನಾಮಕರಣದ ಹಳೆಯ ಫೋಟೋಗಳಲ್ಲಿ ಜನರ ಹಿಂದಿರುವುದನ್ನು ನೋಡಿ. ನಿಂತವರ ಎತ್ತರ ಗೊತ್ತಿದ್ದರೆ ಪಕ್ಕದ ಬಾಗಿಲಿನ ಎತ್ತರ ಲೆಕ್ಕಕ್ಕೆ ಸಿಗುತ್ತದೆ. ಅದೇ ಬೀದಿಯಲ್ಲಿ ಅದೇ ಕಾಲದ ಇನ್ನೊಂದು ಮನೆ ಉಳಿದಿದ್ದರೆ ಅದನ್ನೇ ಅಳೆಯಿರಿ, ಒಂದು ಊರಿನ ಬಡಗಿಗಳು ಒಂದೇ ಅಳತೆಗೋಲು ಬಳಸುತ್ತಿದ್ದದ್ದೇ ಹೆಚ್ಚು.

ವಠಾರದಲ್ಲಿ, ಬಾಡಿಗೆ ಮನೆಯಲ್ಲಿ ಬೆಳೆದವರಿಗೆ ಇದು ಅನ್ವಯಿಸುತ್ತದೆಯೇ?

ಖಂಡಿತ. ವಠಾರದಲ್ಲಿ ಬೆಳೆದವರಿಗೆ ಗೊತ್ತಿರುವ ಒಂದು ವಿಷಯ ದೊಡ್ಡ ಮನೆಯವರಿಗೆ ಗೊತ್ತಿರುವುದಿಲ್ಲ: ಎದುರುಬದುರು ಬಾಗಿಲಿದ್ದರೆ ಜನ ಮಾತಾಡುತ್ತಾರೆ, ನಲ್ಲಿಕಟ್ಟೆ ಒಂದೇ ಆದರೆ ಜಗಳವಾಡಿದವರೂ ನಾಳೆ ಅಲ್ಲೇ ಸೇರಬೇಕಾಗುತ್ತದೆ. ಅಪಾರ್ಟ್‌ಮೆಂಟಿನ ಕಾರಿಡಾರ್ ಬರೆಯುವಾಗ ಇದು ಬೆಲೆಬಾಳುವ ತಿಳಿವಳಿಕೆ. ಆರಡಿ ಅಗಲದ ಕಾರಿಡಾರಿನಲ್ಲಿ ಬಾಗಿಲ ಪಕ್ಕ ಎರಡಡಿಯ ಒಂದು ಕಟ್ಟೆಗೆ ಜಾಗ ಬಿಟ್ಟರೂ ನಡೆಯಲು ನಾಲ್ಕಡಿ ಉಳಿಯುತ್ತದೆ. ಅಗ್ನಿಶಾಮಕ ನಿಯಮ ಅಲ್ಲಿ ಎಷ್ಟು ದಾರಿ ಕೇಳುತ್ತದೆಂದು ನೋಡಿಕೊಂಡೇ ಇಡಬೇಕು.

30×40 ನಿವೇಶನದಲ್ಲಿ ತೊಟ್ಟಿ ಮಾಡಬಹುದೇ?

ಮಾಡಬಹುದು. ಆದರೆ ಜಾಗ ತಿನ್ನುವುದು ತೊಟ್ಟಿಯಲ್ಲ, ಅದರ ಸುತ್ತಲಿನ ಓಡಾಟದ ಜಾಗ. ಸುತ್ತ ಬಿಡಬೇಕಾದ್ದನ್ನು ಬಿಟ್ಟು 24×33 ಅಡಿ, ಅಂದರೆ 792 ಚದರಡಿ ಉಳಿಯಿತೆನ್ನಿ. 8×8ರ ತೊಟ್ಟಿ ಹಿಡಿಯುವುದು 64 ಚದರಡಿ, ಶೇ. 8. ಹಳೆಯ ಮನೆಯಂತೆ ನಾಲ್ಕೂ ಕಡೆ ಮೂರೂವರೆ ಅಡಿಯ ಪಡಸಾಲೆ ಬಿಟ್ಟರೆ ಒಟ್ಟು 15×15, ಅಂದರೆ 225 ಚದರಡಿ. ಶೇ. 28 ಹೋಯಿತು, ಉಳಿದ ಕೋಣೆಗಳು ಬೋಗಿಗಳಾಗುತ್ತವೆ. ಎರಡೇ ಕಡೆ ಪಡಸಾಲೆ ಇಟ್ಟು ಇನ್ನೆರಡು ಕಡೆ ಗೋಡೆ ಅಥವಾ ಕಿಟಕಿ ಬರುವಂತೆ ಮಾಡಿದರೆ 11.5×11.5, ಸುಮಾರು 132 ಚದರಡಿಗೆ, ಶೇ. 17ಕ್ಕೆ ಇಳಿಯುತ್ತದೆ. ಊಟದ ಜಾಗವನ್ನು ಆ ಪಡಸಾಲೆಯಲ್ಲೇ ಸೇರಿಸಿದರೆ ಇನ್ನೂ ಉಳಿತಾಯ. ನಾಲ್ಕು ಕಂಬ ಬೇಕೇ ಬೇಕೆಂದು ಹಟ ಹಿಡಿಯುವವರು ಮೊದಲು ಈ ಲೆಕ್ಕ ಹಾಕಲಿ.

ತೊಟ್ಟಿ ಕಟ್ಟಿಸಿದೆವು, ಬಿಸಿಲೇ ಬೀಳುವುದಿಲ್ಲ. ಏಕೆ?

ಸುತ್ತಲಿನ ಗೋಡೆ ಎತ್ತರವಾಯಿತು. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಗೋಡೆಯ ಎತ್ತರದ ಮುಕ್ಕಾಲು ಪಾಲಿನಷ್ಟು ಉದ್ದದ ನೆರಳು ಉತ್ತರಕ್ಕೆ ಬೀಳುತ್ತದೆ. ಹಳೆಯ ಮನೆಯ ಏಳೂವರೆ ಅಡಿಯ ಸೂರಿನ ನೆರಳು ಐದೂವರೆ ಅಡಿ, 12 ಅಡಿಯ ತೊಟ್ಟಿಯಲ್ಲಿ ಆರೂವರೆ ಅಡಿ ಬಿಸಿಲು ಉಳಿಯುತ್ತಿತ್ತು. ಹಪ್ಪಳ ಒಣಗಿಸಿದ್ದು ಅಲ್ಲೇ. ಎರಡಂತಸ್ತಿನ ಇಂದಿನ ಮನೆಯಲ್ಲಿ ಪ್ಯಾರಪೆಟ್ ಸೇರಿ 23 ಅಡಿ, ನೆರಳು 17 ಅಡಿ. 8 ಅಡಿಯ ತೊಟ್ಟಿಯ ನೆಲ ಚಳಿಗಾಲದಲ್ಲಿ ಬಿಸಿಲು ಕಾಣುವುದೇ ಇಲ್ಲ. ಅದೇ ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದಾಗ, ಬೇಡವಾದ ಹೊತ್ತಿನಲ್ಲಿ, ಬಿಸಿಲು ನೇರವಾಗಿ ಬಾವಿಗಿಳಿದಂತೆ ಇಳಿಯುತ್ತದೆ.

ನಕ್ಷೆಯ ಹಂತದಲ್ಲೇ ಪರಿಹಾರ ಹುಡುಕಬೇಕು. ದಕ್ಷಿಣ ದಿಕ್ಕಿನ ಭಾಗವನ್ನು ಒಂದೇ ಅಂತಸ್ತಿಗೆ, ಪ್ಯಾರಪೆಟ್ ಇಲ್ಲದೆ 10 ಅಡಿಗೆ ನಿಲ್ಲಿಸಿ. ತೊಟ್ಟಿಯನ್ನು ಚೌಕ ಮಾಡದೆ ಉತ್ತರ ದಕ್ಷಿಣವಾಗಿ ಉದ್ದ ಮಾಡಿ: 6×12 ಇದ್ದರೆ ಡಿಸೆಂಬರಿನಲ್ಲೂ ನಾಲ್ಕೂವರೆ ಅಡಿ ಬಿಸಿಲು ಸಿಗುತ್ತದೆ. ಚದರಡಿಯ ಲೆಕ್ಕದಲ್ಲಿ ಹೆಚ್ಚಾಗುವುದು ಎಂಟು ಮಾತ್ರ.

ತೊಟ್ಟಿಗೆ ಬೀಳುವ ಮಳೆ ನೀರನ್ನು ಹೇಗೆ ನಿಭಾಯಿಸಬೇಕು?

ಲೆಕ್ಕ ಹಾಕಬೇಕಾದ್ದು ತೊಟ್ಟಿಯ ಬಾಯಿಗಲ್ಲ, ಒಳಕ್ಕೆ ಇಳಿಯುವ ಮಾಡಿನ ಪೂರ್ತಿ ವಿಸ್ತಾರಕ್ಕೆ. ಒಟ್ಟು 40 ಚದರ ಮೀಟರ್ ಒಳಕ್ಕೆ ಹರಿಯುತ್ತದೆಂದರೆ, ಗಂಟೆಗೆ 50 ಮಿ.ಮೀ. ಮಳೆಯಲ್ಲಿ 2,000 ಲೀಟರ್ ಬರುತ್ತದೆ. 110 ಮಿ.ಮೀ. ಪೈಪು, ನೂರಕ್ಕೆ ಒಂದರ ಇಳಿಜಾರು ಇದ್ದರೆ ಇಷ್ಟು ನೀರು ಸಲೀಸಾಗಿ ಹೋಗುತ್ತದೆ. ತೊಂದರೆ ಬರುವುದು ಎಲೆಯೊಂದು ಜಾಲರಿಗೆ ಅಂಟಿದಾಗ. ಆದ್ದರಿಂದ ಎದುರುಬದುರು ಮೂಲೆಗಳಲ್ಲಿ ಎರಡು ಕಿಂಡಿ ಇರಲಿ, ತೊಟ್ಟಿಯ ನೆಲ ಪಡಸಾಲೆಗಿಂತ ಕನಿಷ್ಠ 9 ಇಂಚು ಕೆಳಗಿರಲಿ. ಪೈಪನ್ನು ಮಳೆನೀರಿನ ಸಂಪಿಗೆ ಅಥವಾ ಇಂಗುಗುಂಡಿಗೆ ಕೊಡಿ. ಒಳಚರಂಡಿಗೆ ಜೋಡಿಸಿದರೆ ದೊಡ್ಡ ಮಳೆಯಲ್ಲಿ ಬೀದಿಯ ಹೊಲಸು ನಡುಮನೆಗೆ ಉಕ್ಕುತ್ತದೆ.

ಎರಚಲು ಎರಡಡಿಯವರೆಗೂ ಸಿಡಿಯುತ್ತದೆ. ತೊಟ್ಟಿಯ ಅಂಚಿನ ಎರಡಡಿಗೆ ಒರಟು ಕಲ್ಲು ಹಾಕಿ, ನುಣುಪು ಟೈಲ್ಸ್ ಹಾಕಿದ ಕಡೆ ಮನೆಯ ಹಿರಿಯರು ಜಾರಿ ಬೀಳುತ್ತಾರೆ.

ಮೇಲೆ ಗಾಜು ಮುಚ್ಚಿಸಬಹುದೇ ಎಂದರೆ, ಮುಚ್ಚಿದರೆ ಅದು ತೊಟ್ಟಿಯಲ್ಲ, ಬಿಸಿಯ ಗೂಡು. ಮುಚ್ಚಲೇಬೇಕಿದ್ದರೆ ಗಾಜನ್ನು ಮಾಡಿನಿಂದ ಒಂದೂವರೆ ಅಡಿ ಮೇಲೆತ್ತಿ ಎದುರುಬದುರು ಎರಡು ಬದಿ ಗಾಳಿಗೆ ತೆರೆದಿಡಿ, ಆ ಸಂದಿಗೆ ಸೊಳ್ಳೆಪರದೆ ಹಾಕಿ. ಕಳ್ಳರ ಭಯಕ್ಕೆ 12 ಮಿ.ಮೀ. ಸರಳಿನ ಗ್ರಿಲ್ ಸಾಕು. ಅದರಲ್ಲೊಂದು ಭಾಗ ತೆಗೆಯುವಂತಿರಬೇಕು, ಇಲ್ಲವಾದರೆ ಮಾಡಿನ ನೀರು ಹರಿಯುವ ದೋಣಿಯಲ್ಲಿ ಕಟ್ಟಿಕೊಂಡ ಎಲೆ ತೆಗೆಯಲು ಯಾರೂ ಹತ್ತಲಾಗುವುದಿಲ್ಲ.

ಜಗಲಿ ಮಾಡಿಸಿದೆವು, ಯಾರೂ ಕೂರುವುದಿಲ್ಲ.

ಜಗಲಿಯಲ್ಲಿ ಕೂರುತ್ತಿದ್ದದ್ದು ಬೀದಿ ನೋಡಲು. ಐದಡಿ ಕಾಂಪೌಂಡಿನ ಹಿಂದೆ ಜಗಲಿ ಕಟ್ಟಿದರೆ ಕಾಣುವುದು ಕಾಂಪೌಂಡು. ಕೂತವರ ಕಣ್ಣು ಆಸನದಿಂದ ಸುಮಾರು ಎರಡೂವರೆ ಅಡಿ ಮೇಲಿರುತ್ತದೆ. ಮನೆಯ ನೆಲ ರಸ್ತೆಗಿಂತ ಎರಡಡಿ ಮೇಲಿದ್ದು ಜಗಲಿ ಒಂದೂವರೆ ಅಡಿ ಇದ್ದರೆ ಕಣ್ಣಿನ ಮಟ್ಟ ರಸ್ತೆಯಿಂದ ಆರಡಿ, ಆಗ ನಾಲ್ಕಡಿಯ ಕಾಂಪೌಂಡು ಅಡ್ಡ ಬರುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಲು ಎರಡಡಿ ಅಗಲ ಸಾಲದು, ಎರಡೂವರೆ ಇರಲಿ. ಒರಗಲು ಹಿಂದೆ ಗೋಡೆ ಬೇಕು, ಕಿಟಕಿಯಲ್ಲ. ಸೂರು ಜಗಲಿಯ ಅಂಚಿಗಿಂತ ಒಂದಡಿಯಾದರೂ ಮುಂದಕ್ಕೆ ಚಾಚಿರಲಿ.

ಕಾಂಕ್ರೀಟಿನ ಇಳಿಜಾರು ಚಾವಣಿಯ ಮೇಲೆ ಹೆಂಚು ಅಂಟಿಸಿದರೆ ಹಳೆಯ ಮನೆಯ ತಂಪು ಬರುತ್ತದೆಯೇ?

ಬರುವುದಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮನೆಮನೆಗೆ ಹಬ್ಬಿದ ಆ ಹೆಂಚು ರೀಪಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ಸಂದುಗಳಿಂದ ಬಿಸಿಗಾಳಿ ಹೊರಡುತ್ತದೆ, ಸಂಜೆಯಾದೊಡನೆ ಹೆಂಚು ಆರುತ್ತದೆ. ಅಂಟಿಸಿದ ಹೆಂಚಿನ ಕೆಳಗೆ ಐದಿಂಚಿನ ಕಾಂಕ್ರೀಟು ರಾತ್ರಿಯವರೆಗೂ ಕಾದಿರುತ್ತದೆ. ಮಳೆಯ ಸದ್ದೂ ಕೇಳುವುದಿಲ್ಲ. ಇಡೀ ಮನೆಗೆ ಆಗದಿದ್ದರೆ ಪಡಸಾಲೆಯೊಂದಕ್ಕಾದರೂ ರೀಪಿನ ಮೇಲೆ ನಿಜವಾದ ಹೆಂಚು ಹೊದಿಸಿ. ಖರ್ಚು ಕಡಿಮೆ, ನೆನಪಿಗೆ ಬೇಕಾದ ಸದ್ದು ಅಷ್ಟರಲ್ಲೇ ಸಿಗುತ್ತದೆ.

ಹಳೆಯ ಮನೆಯ ಕಂಬಗಳನ್ನು ತಂದು ನಿಲ್ಲಿಸಬಹುದೇ?

ಮೊದಲು ಸುತ್ತಿಗೆಯ ಹಿಡಿಯಿಂದ ಬುಡದಿಂದ ತುದಿಯವರೆಗೆ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಗೆದ್ದಲು ಅಥವಾ ಕೊರೆಹುಳು ಇದೆ. ಕಂಬದ ಬುಡವನ್ನು ಹೊಸ ನೆಲದ ಸಿಮೆಂಟಿನಲ್ಲಿ ಹೂಳಿದರೆ ತೇವ ಹೀರಿ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಹಳೆಯವರು ಮಾಡಿದಂತೆ ಕಲ್ಲಿನ ಪೀಠದ ಮೇಲೆಯೇ ಕೂರಿಸಿ. ಏಳಡಿಯ ಕಂಬವನ್ನು 10 ಅಡಿಯ ಚಾವಣಿಗೆ ಸರಿದೂಗಿಸಲು ಪೀಠವನ್ನು ಮೂರಡಿ ಎತ್ತರಿಸುವುದು ಬೇಡ, ಆ ಭಾಗದ ಮಾಡನ್ನೇ ತಗ್ಗಿಸಿ. ಕಾಂಕ್ರೀಟ್ ತೊಲೆಯ ಭಾರ ಹೊರಿಸುವುದಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಬೇಕು.

ಗಂಡನ ನೆನಪಿನ ಮನೆ ಒಂದು, ಹೆಂಡತಿಯದು ಇನ್ನೊಂದು. ಆರ್ಕಿಟೆಕ್ಟ್‌ಗೆ ಏನು ಹೇಳಬೇಕು?

ಇದು ನಾವು ಕಾಣುವ ಅತಿ ಸಾಮಾನ್ಯ ತೊಡಕು. ಮಲೆನಾಡಿನವರಿಗೆ ಅಂಗಳ ಬೇಕು, ವಿಜಯಪುರದ ಕಡೆಯ, ಸಮತಟ್ಟು ಮಾಡಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ದಪ್ಪ ಗೋಡೆಯ ತಂಪು ಕತ್ತಲೆ, ಬೇಸಿಗೆಯ ರಾತ್ರಿ ಮಲಗಲು ಮಾಳಿಗೆ ಬೇಕು. ಆರ್ಕಿಟೆಕ್ಟ್‌ಗೆ ಮೂರನೆಯದೇ ಒಂದು ಮನೆ ನೆನಪಿರುತ್ತದೆ, ಅದನ್ನು ಅವರು ಹೇಳದೆಯೇ ನಿಮ್ಮ ನಕ್ಷೆಗೆ ಸೇರಿಸಬಹುದು. ಮೊದಲ ಭೇಟಿಯಲ್ಲೇ ಅವರು ಎಂಥ ಮನೆಯಲ್ಲಿ ಬೆಳೆದರೆಂದು ಕೇಳಿ, ಅದರಲ್ಲಿ ಮುಜುಗರವೇನಿಲ್ಲ.

ಆಮೇಲೆ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಐದೈದು ಸಾಲು ಬರೆಯಿರಿ. ವಸ್ತುವಿನ ಹೆಸರು ಬರೆಯಬೇಡಿ, ಕೆಲಸ ಬರೆಯಿರಿ. ‘ತೊಟ್ಟಿ ಬೇಕು’ ಎಂದರೆ ಆರ್ಕಿಟೆಕ್ಟ್ ಒಂದು ಗುಂಡಿ ತೋರಿಸುತ್ತಾರೆ. ‘ಮಳೆ ಬರುವಾಗ ನೆನೆಯದೆ ಹತ್ತಿರ ಕೂರಬೇಕು’, ‘ಅಡುಗೆ ಮಾಡುತ್ತಲೇ ಬಾಗಿಲಿಗೆ ಬಂದವರು ಕಾಣಬೇಕು’, ‘ಮಧ್ಯಾಹ್ನ ನೆಲದ ಮೇಲೆ ಮಲಗಿದರೆ ಬೆನ್ನು ತಂಪಾಗಬೇಕು’ ಎಂದು ಬರೆದರೆ ಅವರಿಗೆ ದಾರಿ ಸಿಗುತ್ತದೆ. ಹತ್ತು ಸಾಲುಗಳಲ್ಲಿ ಎರಡು ಮೂರು ಒಂದೇ ಆಗಿರುವುದೇ ಹೆಚ್ಚು. ನಕ್ಷೆಯನ್ನು ಅಲ್ಲಿಂದ ಶುರುಮಾಡಲು ಹೇಳಿ, ಉಳಿದ ಸಾಲುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದನ್ನು ಬಿಡದೆ ಉಳಿಸಿಕೊಡುವಂತೆ ಕೇಳಿ.